ಭಾರತಮ್ಮನ ಹತ್ತು ನಿಮಿಷ

ಲಕ್ಕೂರಿನ ಬಸ್ ನಿಲ್ದಾಣದ ಎದುರು ಆನ್‌ಲೈನ್ ಸೆಂಟರ್ ಇಟ್ಟಿರುವ ಭಾರತಮ್ಮ ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ರೇಷ್ಮೆಹುಳು ಸಾಕಿದವಳು. ಸೊಪ್ಪು ಹಾಕುವುದು ಹತ್ತು ನಿಮಿಷ ತಡವಾದರೆ ಹುಳುಗಳು ತಲೆಯೆತ್ತಿ ತನ್ನನ್ನೇ ಗುರಾಯಿಸುತ್ತವೆ ಎಂದು ಅವಳು ಆಣೆ ಮಾಡಿ ಹೇಳುತ್ತಿದ್ದಳು. ಮೊಣಕಾಲು ಹಿಡಿದುಕೊಂಡು ಹುಳುಮನೆಯ ತಟ್ಟೆಗಳನ್ನು ಎತ್ತಲಾಗದೆ ಹೋದಾಗ, ನಲವತ್ತೆಂಟನೆಯ ವಯಸ್ಸಿನಲ್ಲಿ ಮಾಲೂರಿಗೆ ಹೋಗಿ ಕಂಪ್ಯೂಟರ್ ಕಲಿತು ಬಂದಳು. ಈಗ ಸುತ್ತಲ ಏಳು ಹಳ್ಳಿಯ ಪಹಣಿ, ಜಾತಿ ಪತ್ರ, ಪರೀಕ್ಷೆ ಅರ್ಜಿ ಎಲ್ಲವೂ ಅವಳ ಎರಡು ಬೆರಳಿನಿಂದಲೇ ಹೊರಬರಬೇಕು. ಉಳಿದ ಎಂಟು ಬೆರಳುಗಳು ಇವತ್ತಿಗೂ ಸೊಪ್ಪು ಹಿಡಿದ ಹಾಗೆ ಮಡಚಿಕೊಂಡೇ ಇರುತ್ತವೆ.

ಕಂಪ್ಯೂಟರಿಗೂ ವಯಸ್ಸಾಗಿತ್ತು. ಅದು ಶುರುವಾಗುವಷ್ಟರಲ್ಲಿ ರಾಗಿ ಬಿತ್ತಿ, ಕುಯ್ದು, ಬೀಸಿ, ಮುದ್ದೆ ಮಾಡಿ, ಉಂಡು ಕೈ ತೊಳೆಯಬಹುದು. ಅದರ ತಲೆಯ ಮೇಲೆ ಗೋಡೆ ಗಡಿಯಾರ. ಆ ಗಡಿಯಾರಕ್ಕೊಂದು ಕತೆಯಿದೆ. ಭಾರತಮ್ಮನ ಮಗ ಶ್ರೀಧರ್ ನರಸಾಪುರದ ಕಾರ್ಖಾನೆಗೆ ಹೋಗುವವನು. ನಾಲ್ಕು ವರ್ಷದ ಹಿಂದೆ ಅವನು ಒಂದೇ ವಾರದಲ್ಲಿ ಮೂರು ಸಲ ಕಂಪನಿ ಬಸ್ಸು ತಪ್ಪಿಸಿಕೊಂಡಾಗ, ಅವಳು ಸ್ಟೂಲು ಹತ್ತಿ ಮುಳ್ಳನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸಿದಳು. ಕಂಪ್ಯೂಟರು ತಾನಾಗಿ ಇಂಟರ್‌ನೆಟ್ಟಿನಿಂದ ಸಮಯ ತೆಗೆದುಕೊಳ್ಳುವುದನ್ನೂ ನಿಲ್ಲಿಸಿ, ಅದನ್ನೂ ಹತ್ತು ನಿಮಿಷ ಮುಂದೆ ಓಡಿಸಿದಳು. ಒಂದೇ ಕೋಣೆಯಲ್ಲಿ ಎರಡು ಸಮಯ ಇರಬಾರದೆಂಬುದು ಅವಳ ನ್ಯಾಯ. ಇಡೀ ಲಕ್ಕೂರು ಗಾಜಿನ ಬಾಗಿಲಲ್ಲಿ ಇಣುಕಿ, ಮನಸ್ಸಿನಲ್ಲೇ ಹತ್ತು ಕಳೆದು, ಬಸ್ಸು ಹಿಡಿಯುವುದನ್ನು ಕಲಿತುಬಿಟ್ಟಿತು. ಕಳೆಯುವ ಲೆಕ್ಕಕ್ಕೆ ಊರ ಮಕ್ಕಳಿಗೆ ಮೇಷ್ಟರೇ ಬೇಕಾಗಲಿಲ್ಲ.

ಈ ಸಲ ದಸರಾ ಹಬ್ಬಕ್ಕೆ ಹದಿನೈದು ದಿನ ಮುಂಚೆ ಮಾಲೂರಿನ ರಿಪೇರಿಯವನು ಮುರಳಿಮೋಹನ್ ಬಂದು ಕಂಪ್ಯೂಟರಿನ ಧೂಳು ಹೊಡೆದಿದ್ದ. ಒಳಗೊಂದು ಬಿಲ್ಲೆ ಬ್ಯಾಟರಿ ಇದೆ, ಕರೆಂಟು ತೆಗೆದಾಗ ಇಸವಿ, ತಾರೀಖು, ಗಂಟೆ ಎಲ್ಲ ನೆನಪಿಟ್ಟುಕೊಳ್ಳುವುದು ಅದೇ, ಅದೀಗ ಕೊನೆಯುಸಿರು ಎಳೆಯುತ್ತಿದೆ, ಬದಲಾಯಿಸಲೇ ಎಂದು ಕೇಳಿದ್ದ. ಹಬ್ಬ ಕಳೆಯಲಿ ಎಂದಳು ಭಾರತಮ್ಮ. ಕರೆಂಟು ಹೋದರೆ ಯುಪಿಎಸ್ ಇತ್ತು, ಪ್ಲಗ್ಗು ಕೀಳುವ ಪದ್ಧತಿಯೇ ಅಲ್ಲಿ ಇರಲಿಲ್ಲವಾದ್ದರಿಂದ ಬ್ಯಾಟರಿಗೆ ಕೆಲಸವೂ ಬಿದ್ದಿರಲಿಲ್ಲ.

ಆದರೆ ಆಯುಧಪೂಜೆ ಬಂತಲ್ಲ. ಅವತ್ತು ದುಡಿಯುವ ಸಾಮಾನಿಗೆಲ್ಲ ವಿಶ್ರಾಂತಿ ಕೊಡಬೇಕು. ಭಾರತಮ್ಮ ಪ್ಲಗ್ಗು ಕಿತ್ತು, ಕಂಪ್ಯೂಟರನ್ನು ಒರೆಸಿ, ವಿಭೂತಿಯ ಮೂರು ಪಟ್ಟೆ ಎಳೆದು, ಮೌಸಿಗೂ ಕುಂಕುಮವಿಟ್ಟು, ಬೂದುಗುಂಬಳ ಒಡೆಸಿದಳು. ವಿಜಯದಶಮಿ ಕಳೆಯುವವರೆಗೆ ಅದನ್ನು ಮುಟ್ಟಲಿಲ್ಲ.

ಮಾರನೆಯ ಬೆಳಿಗ್ಗೆ ಎರಡು ಮೈಲಿ ಆಚೆಯ ಹಳ್ಳಿಯಿಂದ ಆವಲಮ್ಮ ಮಗಳು ಮೇಘನಳನ್ನು ಕರೆದುಕೊಂಡು ಬಂದಳು. ನರಸಾಪುರದ ಒಂದು ಕಂಪನಿ ಡಿಪ್ಲೊಮಾ ಓದಿದ ಹುಡುಗಿಯರನ್ನು ತರಬೇತಿಗೆ ತೆಗೆದುಕೊಳ್ಳಲು ಆನ್‌ಲೈನ್ ಪರೀಕ್ಷೆ ಇಟ್ಟಿತ್ತು. ಹನ್ನೊಂದಕ್ಕೆ ಬಾಗಿಲು ತೆರೆದರೆ ಹನ್ನೊಂದೂಕಾಲಿಗೆ ಬಂದ್. ಮೊಬೈಲಿನಲ್ಲಿ ಬರೆಯುವಂತಿಲ್ಲ, ಕ್ಯಾಮೆರಾ ಇರುವ ಕಂಪ್ಯೂಟರೇ ಬೇಕು. ಇಪ್ಪತ್ತು ತುಂಬಿದವರಿಗೆ ಅವಕಾಶವಿಲ್ಲ. ಮೇಘನಳಿಗೆ ಮುಂದಿನ ತಿಂಗಳು ಇಪ್ಪತ್ತು. ಅಂದರೆ ಇವತ್ತು ತಪ್ಪಿದರೆ ಜನ್ಮಕ್ಕೇ ತಪ್ಪಿತು. ಕೋಣೆಯಲ್ಲಿ ಫೋನು ಇರಕೂಡದೆಂಬ ನಿಯಮಕ್ಕೆ ಹೆದರಿ ತಾಯಿಮಗಳು ಫೋನನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಭಾರತಮ್ಮನೂ ತನ್ನದನ್ನು ಆಫ್ ಮಾಡಿ ಡ್ರಾಯರಿಗೆ ಹಾಕಿದಳು.

ಕಂಪ್ಯೂಟರು ಎದ್ದು ಕೂರುವಷ್ಟರಲ್ಲಿ ಗೋಡೆ ಗಡಿಯಾರ ಹತ್ತೂ ಐವತ್ತೈದು ತೋರಿಸುತ್ತಿತ್ತು. ಪರೀಕ್ಷೆಯ ಪುಟ ತೆರೆಯಹೋದರೆ, ಈ ತಾಣ ಸುರಕ್ಷಿತವಲ್ಲ ಎಂಬ ಕೆಂಪು ಗುರುತು. ಮತ್ತೆ ಒತ್ತಿದಳು, ಮತ್ತೆ ಅದೇ. ವೈರು ಕಿತ್ತು ಸಿಕ್ಕಿಸಿದಳು. ಇಂಟರ್‌ನೆಟ್ಟಿನ ಡಬ್ಬಿ ಆರಿಸಿ ಹಚ್ಚಿದಳು. ಅದರ ದೀಪಗಳೆಲ್ಲ ನೆಟ್ಟಗೆ ಉರಿಯುತ್ತಿದ್ದವು. ಮುಳ್ಳು ಹನ್ನೊಂದೂ ಐದಕ್ಕೆ ಬಂತು. ಆವಲಮ್ಮ ಹೊಸ್ತಿಲಲ್ಲಿ ನಿಂತು, ತನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದು ಮುಗಿಸಿ, ಗಡಿಯಾಚೆಯ ದೇವರುಗಳನ್ನು ತೆಲುಗಿನಲ್ಲಿ ಶುರುಮಾಡಿದ್ದಳು.

ಪಕ್ಕದಲ್ಲಿ ಕೂತಿದ್ದ ಮೇಘನ ಪರದೆಯ ಮೂಲೆಗೆ ಬೆರಳಿಟ್ಟಳು.

"ಆಂಟಿ, ಇಲ್ಲಿ ಎರಡು ಸಾವಿರದ ಒಂಬತ್ತು ಅಂತೈತೆ."

ಜನವರಿ ಒಂದು, ಎರಡು ಸಾವಿರದ ಒಂಬತ್ತು! ಭಾರತಮ್ಮನಿಗೆ ಮುರಳಿಮೋಹನ್ ಹೇಳಿದ ಬಿಲ್ಲೆ ನೆನಪಾಯಿತು. ಎರಡು ದಿನ ಪ್ಲಗ್ಗಿಲ್ಲದೆ ಬಿದ್ದಿದ್ದ ಕಂಪ್ಯೂಟರಿಗೆ ನೆನಪೇ ಹೋಗಿ, ಅದು ತಾನು ಹುಟ್ಟಿದ ಕಾಲಕ್ಕೆ ಮರಳಿತ್ತು. ಅದರ ಲೆಕ್ಕದಲ್ಲಿ ಮೇಘನ ಇನ್ನೂ ಅಂಗನವಾಡಿಯಲ್ಲಿ ಉಪ್ಪಿಟ್ಟಿಗೆ ಅಳುತ್ತಿರುವ ಕೂಸು. ಕಂಪನಿಯ ಪುಟ ತಾನು ಅಸಲಿಯೆಂದು ತೋರಿಸಲು ಒಂದು ಸರ್ಟಿಫಿಕೇಟು ಹಿಡಿದು ಬರುತ್ತದೆ, ಅದರ ಮೇಲೆ ಈ ವರ್ಷದ ತಾರೀಖು ಇರುತ್ತದೆ. ಹದಿನಾರು ವರ್ಷ ಆಮೇಲೆ ಬರೆಯಬೇಕಾದ ಕಾಗದ ಇವತ್ತೇ ಬಂದರೆ ಯಾವ ಕಾವಲುಗಾರ ತಾನೇ ಒಳಗೆ ಬಿಟ್ಟಾನು? ಕಂಪ್ಯೂಟರು ಬಿಡಲಿಲ್ಲ.

ಹುಳು ಪೊರೆ ಕಳಚುವ ಜ್ವರಕ್ಕೆ ಕೂತಾಗ ತಟ್ಟೆ ಅಲ್ಲಾಡಿಸಬಾರದೆಂದು ಅವಳಿಗೆ ಗೊತ್ತಿತ್ತು. ಉಸಿರು ಹಿಡಿದು, ಎರಡು ಬೆರಳಲ್ಲಿ ಇಸವಿ ತಿದ್ದಿದಳು, ತಿಂಗಳು ತಿದ್ದಿದಳು, ತಾರೀಖು ತಿದ್ದಿದಳು. ತಲೆಯೆತ್ತಿ ಗೋಡೆ ನೋಡಿ ಹನ್ನೊಂದೂ ಹನ್ನೊಂದು ಎಂದು ಗಂಟೆ ತಿದ್ದಿದಳು. ಕೆಂಪು ಗುರುತು ಮಾಯವಾಯಿತು. ಪುಟ ತೆರೆಯಿತು. ಮೇಘನ ತನ್ನ ನಂಬರು ಒತ್ತಿದಳು.

ಪರದೆಯ ಮೇಲೆ ಒಂದು ಸಾಲು ಬಂತು: ನಿಮ್ಮ ಕಂಪ್ಯೂಟರಿನ ಸಮಯ ಸರಿಯಿಲ್ಲ, ಸರಿಪಡಿಸಿ ಬನ್ನಿ.

ಭಾರತಮ್ಮ ಇಸವಿ ನೋಡಿದಳು, ಸರಿಯಿತ್ತು. ತಿಂಗಳು ಸರಿಯಿತ್ತು. ಬೆಳಿಗ್ಗೆಯೇ ಎಂದಿತ್ತು, ರಾತ್ರಿಯೆಂದಿರಲಿಲ್ಲ. ಮತ್ತೆ ನಂಬರು ಒತ್ತಿದರೂ ಅದೇ ಸಾಲು. ಅವಳ ಹಣೆಯ ಬೆವರಿನಲ್ಲಿ ಒಂದು ಗದ್ದೆಗೆ ನೀರು ಹಾಯಿಸಬಹುದಿತ್ತು. ಮುಳ್ಳು ಹನ್ನೊಂದೂ ಹದಿನೈದು ದಾಟಿತು. ಮೇಘನ ಎದ್ದು, ಪರೀಕ್ಷೆಗೆಂದು ತಂದಿದ್ದ ಹೊಸ ಪೆನ್ನನ್ನು ಬ್ಯಾಗಿನೊಳಗಿಟ್ಟು ಜಿಪ್ಪು ಎಳೆದಳು.

"ಬಿಡಕ್ಕಾ," ಎಂದಳು ಆವಲಮ್ಮ. "ನೀನೇನ್ ಬೇಕಂತ ಮಾಡಿದ್ಯಾ. ಇಷ್ಟೇ ಇದ್ದಿದ್ದು."

ಈ ಮಾತಿಗೆ ಬದಲು ಅವಳು ಬೈದಿದ್ದರೆ ಭಾರತಮ್ಮನಿಗೆ ಎಷ್ಟೋ ವಾಸಿಯಿತ್ತು.

ಅಷ್ಟರಲ್ಲಿ ಸೊಪ್ಪಿನ ಬುಟ್ಟಿ ಹೊತ್ತ ಅಂಜಮ್ಮ, ಮಾಲೂರು ಬಸ್ಸಿಗೆ ಕಾಯುತ್ತಿದ್ದವಳು, ಎಂದಿನಂತೆ ಗಾಜಿಗೆ ಮೂಗು ಒತ್ತಿ ಗಡಿಯಾರ ನೋಡಿದಳು. ಬೆರಳು ಮಡಚಿ ತನ್ನಷ್ಟಕ್ಕೆ ಲೆಕ್ಕ ಹಾಕಿದಳು.

"ಹದಿನಾರು... ಹತ್ತು ತೆಗೆದ್ರೆ ಆರು. ಹನ್ನೊಂದೂ ಆರಾಯ್ತು, ಬಸ್ಸೇ ಬರ್ಲಿಲ್ವಲ್ಲೇ ಭಾರತಕ್ಕ."

ಭಾರತಮ್ಮ ಅವಳನ್ನೇ ನೋಡಿದಳು. ಇಡೀ ಊರಿಗೆ ಹತ್ತು ಕಳೆಯಲು ಕಲಿಸಿದವಳು, ಗಾಬರಿಯಲ್ಲಿ ತಾನೇ ಕಳೆಯುವುದನ್ನು ಮರೆತಿದ್ದಳು. ನಾಲ್ಕು ವರ್ಷ ಪಹಣಿಗೂ ಜಾತಿ ಪತ್ರಕ್ಕೂ ಹತ್ತು ನಿಮಿಷದ ಗೊಡವೆ ಇರಲಿಲ್ಲ. ಈ ಪರೀಕ್ಷೆ ಮಾತ್ರ ನಿಮಿಷವನ್ನೂ ಎಣಿಸುವ ಜಾತಿಯದು.

"ಕೂತ್ಕೋ ಮಗಾ," ಎಂದಳು. "ಇನ್ನೂ ಟೈಮೈತೆ."

ಹುಡುಗಿ ನಂಬಲಿಲ್ಲ. ಭುಜ ಹಿಡಿದು ಕೂರಿಸಬೇಕಾಯಿತು. ಭಾರತಮ್ಮ ನಾಲ್ಕು ವರ್ಷದ ಹಿಂದೆ ತಾನೇ ಆರಿಸಿದ್ದ ಗುಂಡಿಯನ್ನು ಹುಡುಕಿ, ಸಮಯ ಇಂಟರ್‌ನೆಟ್ಟಿನಿಂದಲೇ ಬರಲಿ ಎಂದು ಒತ್ತಿದಳು. ಪರದೆಯ ಮೇಲೆ ಸಣ್ಣ ಚಕ್ರವೊಂದು ತಿರುಗತೊಡಗಿತು. ಅದು ತಿರುಗಿದ ದೂರಕ್ಕೆ ಲಕ್ಕೂರಿನಿಂದ ಕಾಶಿಗೆ ಹೋಗಿ ಬರಬಹುದಿತ್ತು. ಗೋಡೆಯ ಮೇಲೆ ಹದಿನೆಂಟಾಯಿತು. ಹತ್ತೊಂಬತ್ತಾಯಿತು. ಮೂಲೆಯ ಅಂಕಿ ಒಮ್ಮೆ ಅಲುಗಿ, ಹಿಂದಕ್ಕೆ ಜಾರಿ, ಹನ್ನೊಂದೂ ಒಂಬತ್ತು ಎಂದು ನಿಂತಿತು.

ನಂಬರು. ಪುಟ ತೆರೆಯಿತು. ಕ್ಯಾಮೆರಾ ಮುಖ ಕೇಳಿತು. ಕ್ಯಾಮೆರಾದ ಕಣ್ಣಿಗೂ ಹಬ್ಬದ ಕುಂಕುಮ ಮೆತ್ತಿಕೊಂಡಿದ್ದರಿಂದ ಮೇಘನಳ ಮುಖ ಕೆಂಪು ಮಂಜಿನಲ್ಲಿ ಕರಗಿಹೋಗಿತ್ತು. ಭಾರತಮ್ಮ ಸೆರಗಿನ ತುದಿಗೆ ಎಂಜಲು ಹಚ್ಚಿ ಒರೆಸಿದಳು. ಹನ್ನೊಂದೂ ಹದಿಮೂರಕ್ಕೆ ಹುಡುಗಿ ಒಳಗೆ ಹೋದಳು. ಪರೀಕ್ಷೆ ಮುಗಿಯುವ ತನಕ ಭಾರತಮ್ಮ ಪ್ಲಗ್ಗಿನ ಪಕ್ಕ ನೆಲದ ಮೇಲೆ ಕಾವಲು ಕೂತಿದ್ದಳು. ಆ ಒಂದು ಗಂಟೆ ನೊಣಕ್ಕೂ ಒಳಗೆ ಬರಲು ಧೈರ್ಯವಾಗಲಿಲ್ಲ.

ಅವತ್ತೇ ಸಂಜೆ ಬಿಲ್ಲೆ ಬದಲಾಯಿತು. ತಪ್ಪು ಪೂರ್ತಿ ತೊಳೆಯಬೇಕೆಂದು ಅವಳು ಸ್ಟೂಲು ಹತ್ತಿ ಗೋಡೆ ಗಡಿಯಾರವನ್ನೂ ಸರಿಮಾಡಿದಳು. ಮಾರನೆಯ ಬೆಳಿಗ್ಗೆ ಅಭ್ಯಾಸಬಲದಿಂದ ಹತ್ತು ಕಳೆದ ಹದಿನೇಳು ಜನ, ಶ್ರೀಧರ್ ಸೇರಿ, ಕಂಪನಿ ಬಸ್ಸು ತಪ್ಪಿಸಿಕೊಂಡರು. ಮಧ್ಯಾಹ್ನದೊಳಗೆ ಮುಳ್ಳು ಮತ್ತೆ ಹತ್ತು ನಿಮಿಷ ಮುಂದಕ್ಕೆ ಹೋಯಿತು. ಕಂಪ್ಯೂಟರಿನ ಸಮಯವನ್ನು ಮಾತ್ರ ಅವಳು ಮತ್ತೆ ಮುಟ್ಟಿಲ್ಲ.

ಮೇಘನ ಈಗ ದಿನವೂ ಲಕ್ಕೂರಿಗೆ ಬಂದು ಅದೇ ಬಸ್ಸು ಹತ್ತುತ್ತಾಳೆ. ಕೊರಳಲ್ಲಿ ಕಂಪನಿಯ ಬಿಲ್ಲೆ, ಕೈಯಲ್ಲಿ ಟಿಫಿನ್ ಡಬ್ಬಿ. ಫೋನು ಜೇಬಿನಲ್ಲೇ ಇದ್ದರೂ ಒಮ್ಮೆ ಗಾಜಿನಲ್ಲಿ ಇಣುಕಿ, ಹತ್ತು ಕಳೆದು, ಆಮೇಲೇ ರಸ್ತೆ ದಾಟುತ್ತಾಳೆ.