ನೀರಣ್ಣನ ವಿಷಯಾಂತರ

ಕೆಳಗಿನ ಬೀದಿಗಳಿಗೆ ನೀರು ಬಿಡುವ ಕೆಲಸ ಅವನದು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರಿಗೆಲ್ಲ ಅವನು ನೀರಣ್ಣ. ಎದೆಮಟ್ಟದ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೆಳಕು ಹರಿಯುವ ಹೊತ್ತಿಗೆ ಮನೆ ಬಿಡುತ್ತಿದ್ದ. ಬೀದಿ ಮೂಲೆಯ ಗುಂಡಿಯ ಮುಚ್ಚಳ ಎತ್ತಿ, ಕೀಲಿಯನ್ನು ವಾಲ್ವಿನ ತಲೆಗೆ ಕೂರಿಸಿ, ಮೈಭಾರವನ್ನೆಲ್ಲ ಬಿಟ್ಟು ತಿರುಗಿಸಿದರೆ ಕೆಳಗೆಲ್ಲೋ ಪೈಪು ಗೊರಗುಟ್ಟುವುದು ಕೇಳಿಸುತ್ತಿತ್ತು. ಆಮೇಲೆ ಕೊರಳಲ್ಲಿ ನೇತಾಡುವ ಸೀಟಿಯನ್ನು ಊದುತ್ತ ಬೀದಿ ಬೀದಿ ಸುತ್ತುವುದು. ಉದ್ದಕ್ಕೆ ಊದಿದರೆ ನೀರು ಬಂತು ಎಂದು. ಬಿಟ್ಟು ಬಿಟ್ಟು ಊದಿದರೆ ಏನೋ ಎಡವಟ್ಟಾಗಿದೆ, ಹೊರಗೆ ಬಂದು ಕೇಳಿ ಎಂದು. ಅಂಬೆಗಾಲಿಡುವ ಮಕ್ಕಳನ್ನು ಬಿಟ್ಟರೆ ಎಲ್ಲರಿಗೂ ಇದು ಗೊತ್ತಿತ್ತು. ಸೀಟಿಯ ಅರ್ಥವೇನೆಂದು ಯಾರೂ ಯಾರನ್ನೂ ಕೇಳಿದ್ದಿಲ್ಲ.

ಹೊಸದಾಗಿ ಬಂದ ಇಂಜಿನಿಯರಿಗೆ ಸೀಟಿ ಹಿಡಿಸಲಿಲ್ಲ. ಎಲ್ಲರ ಕೈಯಲ್ಲೂ ಫೋನ್ ಇರುವಾಗ ಈ ಪೀಪೀ ಯಾಕೆ ಎಂದು ಮನೆಗೊಬ್ಬರಂತೆ ಸೇರಿಸಿ ‘ನೀರು’ ಅಂತ ಒಂದು ಗ್ರೂಪ್ ಮಾಡಿಸಿದರು. ಇನ್ನು ಮೇಲೆ ಏನಿದ್ದರೂ ಅದರಲ್ಲಿ ಹಾಕಿದರೆ ಸಾಕು ಎಂದರು. ಸುಳ್ಳು ಯಾಕೆ ಹೇಳಬೇಕು, ನೀರಣ್ಣನಿಗೂ ಖುಷಿಯೇ ಆಯಿತು. ಏರು ಬೀದಿಗಳಲ್ಲಿ ಸೈಕಲ್ ತುಳಿದು ತುಳಿದು ಅವನ ಮಂಡಿ ಸವೆದಿತ್ತು. ಸೀಟಿಯನ್ನು ಹಳೆಯ ವಾಷರುಗಳ ಡಬ್ಬಿಗೆ ಹಾಕಿ ಮುಚ್ಚಿಟ್ಟ.

ಮೊದಮೊದಲು ಆ ಗ್ರೂಪಿನಲ್ಲಿ ನೀರೇ ಇತ್ತು. ನೀರು ಬಂತು, ನಿಂತಿತು, ನಮ್ಮ ಮನೆಗೆ ಸಣ್ಣಗೆ ಬರುತ್ತಿದೆ, ಇಷ್ಟೇ. ಆಮೇಲೆ ಶುಭೋದಯದ ಹೂಗಳು ಬಂದವು. ಹೂಗಳ ಹಿಂದೆಯೇ ರಾಜಕೀಯ ಬಂತು. ಅದು ಬಂದ ಮೇಲೆ ನೀರಿಗೆ ಅಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು.

ಆ ರಾಜಕೀಯದ ಒಂದು ಕಡೆಯ ಸೇನಾಪತಿ ನೀರಣ್ಣನ ಸ್ವಂತ ಭಾವ, ಅವನ ಅಕ್ಕನ ಗಂಡ. ಕೆಲಸದಲ್ಲಿದ್ದಷ್ಟು ಕಾಲ ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕೂತಿದ್ದವರು. ಗಾಜಿನ ತೂತಿನಿಂದ ಜನ ಊರಿನ ಹೆಸರು ಹೇಳುವುದು, ಇವರು ಟಿಕೆಟ್ ತಳ್ಳಿ ‘ಮುಂದೆ’ ಅನ್ನುವುದು, ಮುಗಿಯಿತು. ಒಬ್ಬನಾದರೂ ಇವರ ಅಭಿಪ್ರಾಯ ಕೇಳಿದ್ದರೆ ಆಣೆ. ನಿವೃತ್ತಿಯಾಗಿ, ಫೋನು ಕೈಗೆ ಬಂದು, ತಮಗೂ ಒಂದು ಅಭಿಪ್ರಾಯವಿದೆ ಎಂದು ಗೊತ್ತಾದ ಮೇಲೆ ಅವರನ್ನು ಹಿಡಿಯುವವರೇ ಇಲ್ಲದಾಯಿತು. ಕಿಟಕಿ ಪಕ್ಕದ ಕುರ್ಚಿ, ಕೈಯಲ್ಲಿ ಫೋನು, ಮಗ್ಗುಲಲ್ಲಿ ಚಹಾ. ಲೋಟ ಖಾಲಿಯಾದರೆ ಅಕ್ಕ ತಂದಿಡಬೇಕು. ಇನ್ನೊಂದು ಕಡೆಯ ಸೇನಾಪತಿ ಮೂಲೆಯ ಗಾಜಿನಂಗಡಿಯವನು. ಕನ್ನಡಿ ಕೊಯ್ಯಲು ಬಂದ ಗಿರಾಕಿಯನ್ನು ನಿಲ್ಲಿಸಿಕೊಂಡೇ ಬರೆಯುವಷ್ಟು ತಲೆಗೇರಿತ್ತು ಅವನಿಗೂ.

ಜಗಳ ಹುಟ್ಟಿದ್ದು ಕೆಳಬೀದಿಯ ಹಳೆಯ ಒಳಚರಂಡಿಯಿಂದ. ಅದು ಒಡೆಯುವ ಹಾಗಿದೆ, ಯಾವ ಪಕ್ಷದವರು ಸರಿ ಮಾಡಿಸುತ್ತಾರೆ ಎಂದು ಯಾರೋ ಕೇಳಿದ್ದರು. ಒಳ್ಳೆಯ ಪ್ರಶ್ನೆಯೇ. ಅದಕ್ಕೆ ಭಾವ, ಚುನಾವಣೆಯಲ್ಲಿ ಜನ ಈಗಾಗಲೇ ತೀರ್ಪು ಕೊಟ್ಟಿದ್ದಾರೆ, ಸೋತವರು ಬಾಯಿ ಮುಚ್ಚಿಕೊಂಡಿರಲಿ ಎಂದು ಬರೆದರು. ಗಾಜಿನಂಗಡಿಯವನು ‘ಜನ ಅಂದರೆ ಯಾರು?’ ಎಂದು ಕೇಳಿದ.

ಅಲ್ಲಿಗೆ ಚರಂಡಿಯ ಕಥೆ ಮುಗಿಯಿತು. ವೋಟು ಹಾಕಿದವರು ಮಾತ್ರ ಜನವೋ, ಹಾಕದೆ ಮನೆಯಲ್ಲಿ ಮಲಗಿದ್ದವರೂ ಜನವೋ? ಜನ ಬೇರೆ, ಪ್ರಜೆ ಬೇರೆ, ನಾಗರಿಕ ಬೇರೆಯೋ? ಭಾವ ನಿಘಂಟಿನ ಪುಟದ ಫೋಟೋ ಹಾಕಿದರು. ಗಾಜಿನಂಗಡಿಯವನು ಅದಕ್ಕಿಂತ ದಪ್ಪ ನಿಘಂಟಿನ ಫೋಟೋ ಹಾಕಿದ. ಆಮೇಲೆ ‘ತೀರ್ಪು’ ಎಂದರೇನು ಎಂದು ಹಿಡಿದುಕೊಂಡರು. ಅದೂ ಸವೆದ ಮೇಲೆ, ಮಾತಿಗೆ ಅರ್ಥ ಕೊಡುವವರು ಯಾರು ಎನ್ನುವುದಕ್ಕೆ ಬಂದರು. ವಯಸ್ಸಾದ ಗಂಡಸರು, ಮನೆ ಮಠ ಇರುವವರು, ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರು ಹೆಗಲು ಕೊಟ್ಟವರು, ಈಗ ಒಬ್ಬರನ್ನೊಬ್ಬರು ಅನಕ್ಷರಸ್ಥ ಎಂದು ಕರೆದುಕೊಳ್ಳುತ್ತ ಮೈಯೆಲ್ಲ ಕೆರೆದುಕೊಳ್ಳುತ್ತಿದ್ದರು. ಥೂ.

ನೀರಣ್ಣ ಗುಂಡಿಗಿಳಿದು ಬರಿಗೈಯಲ್ಲಿ ಕೊಳೆ ಬಾಚಿ ಹಾಕುವವನು. ಆಗೆಲ್ಲ ಬಾರದ ವಾಕರಿಕೆ ಅವನಿಗೆ ಈ ಗ್ರೂಪನ್ನು ತೆರೆದರೆ ಬರುತ್ತಿತ್ತು. ತನ್ನ ಎರಡು ಸಾಲು ಹಾಕಿ, ಮೂಗು ಮುಚ್ಚಿಕೊಂಡು ಓಡುವವನ ಹಾಗೆ ಆಚೆ ಬರುತ್ತಿದ್ದ. ಹಾಕಿದ್ದನ್ನು ಯಾರಾದರೂ ಓದುತ್ತಾರೋ ಇಲ್ಲವೋ ಎಂಬ ಅನುಮಾನ ಅವನಿಗಿಲ್ಲದಿರಲಿಲ್ಲ. ಆದರೆ ಹಾಕು ಅಂದಿದ್ದಾರೆ, ಹಾಕಿದ್ದೇನೆ ಎಂದು ಸುಮ್ಮನಾಗುತ್ತಿದ್ದ.

ಆ ದಿನ ಬೆಳಿಗ್ಗೆ ಕೆಳಬೀದಿಗೆ ನೀರು ಬಿಟ್ಟು ಮುಂದೆ ಹೊರಟವನಿಗೆ ನಾತ ಬಡಿಯಿತು. ಎಲ್ಲರೂ ಮಾತಾಡಿ ಮಾತಾಡಿ ಮರೆತಿದ್ದ ಚರಂಡಿ ಕೊನೆಗೂ ಒಡೆದಿತ್ತು. ಅದರ ಕೆಳಗೇ ನೀರಿನ ಪೈಪು, ಅದರ ಜೋಡಣೆಯೂ ಬಾಯಿಬಿಟ್ಟಿತ್ತು. ಅವನು ಓಡಿಹೋಗಿ ವಾಲ್ವ್ ಬಿಗಿದ. ಅಷ್ಟರಲ್ಲಿ ಮನೆಮನೆಗೂ ನೀರು ಹೋಗಿ ಆಗಿತ್ತು. ಇಂಜಿನಿಯರಿಗೆ ಫೋನ್ ಮಾಡಿದರೆ, ರಿಪೇರಿಯವರನ್ನು ಕಳಿಸ್ತೀನಿ, ನೀನು ಗುಂಡಿ ಬಿಟ್ಟು ಕದಲಬೇಡ, ಗ್ರೂಪಿಗೆ ಒಂದು ಮೆಸೇಜ್ ಹಾಕು ಎಂದರು. ಅವನು ಕೈಯನ್ನು ಅಂಗಿಗೆ ಒರೆಸಿಕೊಂಡು, ದಪ್ಪ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದ: ‘ಇವತ್ತು ಬೆಳಿಗ್ಗೆ ಬಂದ ನೀರು ಯಾರೂ ಕುಡಿಯಬೇಡಿ. ಚರಂಡಿ ನೀರು ಸೇರಿದೆ. ಹಿಡಿದಿದ್ದರೆ ಚೆಲ್ಲಿಬಿಡಿ.’

ಕಳಿಸಿದ ಮರುಗಳಿಗೆಯೇ ಅದರ ಕೆಳಗೆ ಉತ್ತರ ಬಂತು. ಬರೆದವರು ಭಾವ. ‘ವಿಷಯಾಂತರ ಮಾಡಬೇಡಿ. ಮೊದಲು ನಾನು ಕೇಳಿದ್ದಕ್ಕೆ ಉತ್ತರ ಕೊಡಿ.’

ನೀರಣ್ಣನಿಗೆ ಮೈ ಉರಿಯಿತು. ನೀರಿನ ಗ್ರೂಪಿನಲ್ಲಿ ನೀರಿನ ಮಾತು ವಿಷಯಾಂತರವಂತೆ! ಆದರೆ ಆ ಉರಿಯ ಹಿಂದೆಯೇ ಒಂದು ಸಮಾಧಾನವೂ ಆಯಿತು. ಹೋಗಲಿ, ಬೈದರೂ ಭಾವ ಓದಿದ್ದಾರಲ್ಲ, ಅಕ್ಕನ ಮನೆಗೆ ವಿಷಯ ಮುಟ್ಟಿತು. ಅವಳಿಗೊಂದು ಫೋನ್ ಮಾಡಬೇಕೆಂದು ಹೊರಟಿದ್ದ ಕೈ ಅಲ್ಲಿಗೇ ನಿಂತಿತು. ಫೋನನ್ನು ಜೇಬಿಗೆ ಹಾಕಿ ಗುಂಡಿಗಿಳಿದ. ಇಳಿದವನು ಮೇಲೆ ಬಂದದ್ದು ಮಧ್ಯಾಹ್ನದ ಬಿಸಿಲು ಇಳಿದ ಮೇಲೆ. ಅಷ್ಟು ಹೊತ್ತಿಗೆ ಅವನ ಮೂರು ಮಾತು ‘ಜನ’ರ ಕೆಳಗೆ ಎಲ್ಲಿ ಹೂತುಹೋಗಿತ್ತೋ ಹುಡುಕಿದರೂ ಸಿಗುತ್ತಿರಲಿಲ್ಲ.

ಮಾರನೆಯ ದಿನ ಭಾವ ಫೋನ್ ಮಾಡಿದರು. ಅಕ್ಕನಿಗೆ ವಾಂತಿ, ಭೇದಿ, ಎದ್ದು ನಿಲ್ಲಲು ಆಗುತ್ತಿಲ್ಲ, ಆಸ್ಪತ್ರೆಗೆ ಕರೆತಂದಿದ್ದೇನೆ ಎಂದರು. ನೀರಣ್ಣ ಕೀಲಿಯನ್ನು ರಸ್ತೆ ಬದಿಯಲ್ಲೇ ಎಸೆದು ಸೈಕಲ್ ತುಳಿದ. ಅವ್ವ ಸತ್ತಾಗ ಅವನಿನ್ನೂ ಚಡ್ಡಿ ಗುಂಡಿ ಹಾಕಿಕೊಳ್ಳಲು ಬಾರದವನು. ಅವನ ಮೂಗು ಒರೆಸಿ, ತಲೆ ಬಾಚಿ, ಶಾಲೆಗೆ ಕೈಹಿಡಿದು ಬಿಟ್ಟುಬಂದವಳು ಅಕ್ಕ. ಮದುವೆಯಾಗಿ ಹೋಗುವಾಗಲೂ ಪಕ್ಕದ ಬೀದಿಯ ಗಂಡೇ ಆಗಬೇಕೆಂದು ಹಟ ಹಿಡಿದಿದ್ದಳು. ತಮ್ಮನನ್ನು ಬಿಟ್ಟು ದೂರ ಹೋಗಲಾರೆ ಎಂದು ಎಲ್ಲರೆದುರು ಹೇಳಿದ್ದಳು. ಹಾಗೆ ಸಿಕ್ಕ ಗಂಡು ಈ ಭಾವ.

ವಾರ್ಡಿನಲ್ಲಿ ಮಂಚಗಳು ಸಾಲದೆ ನೆಲದ ಮೇಲೂ ಹಾಸಿಗೆ ಹಾಕಿದ್ದರು. ಎಲ್ಲ ಕೆಳಬೀದಿಯ ಮುಖಗಳೇ. ಅಕ್ಕ ಒಂದೇ ದಿನದಲ್ಲಿ ಹತ್ತಿಯ ಗೊಂಬೆಯಂತಾಗಿದ್ದಳು. ಕಣ್ಣು ಒಳಗೆ ಹೋಗಿತ್ತು, ತುಟಿ ಒಡೆದಿತ್ತು. ಮೈಯಲ್ಲಿ ನೀರೆಲ್ಲ ಬಸಿದುಹೋಗಿ ಕಿಡ್ನಿಗೆ ಪೆಟ್ಟು ಬಿದ್ದಿದೆ, ಇವತ್ತು ಕಳೆಯುವವರೆಗೆ ಏನೂ ಹೇಳಲಾಗದು ಎಂದು ಡಾಕ್ಟರು ಹೇಳಿ ಮುಂದಿನ ಮಂಚಕ್ಕೆ ಹೋದರು. ನೀರಣ್ಣ ಅವಳ ಕೈ ಹಿಡಿದುಕೊಂಡು, ಭಾವ ಹೇಳಲಿಲ್ಲವೇ ಎಂದು ಕೇಳಿದ.

ಅಕ್ಕ ಬಹಳ ಹೊತ್ತು ಉಸಿರು ಕೂಡಿಸಿಕೊಂಡು ಹೇಳಿದಳು. “ನೀರು ಒಂಥರಾ ಇತ್ತು ಕಣೋ. ಅದಕ್ಕೇ ಕೇಳ್ದೆ ಅವರನ್ನ, ಗ್ರೂಪಲ್ಲಿ ನೀರಿನ ಸುದ್ದಿ ಏನಾದ್ರೂ ಹಾಕಿದಾರಾ ನೋಡಿ ಅಂತ. ಏನಿಲ್ಲ ಅಂದ್ರು. ನೀರು ಬಿಡೋನು ನನ್ನ ತಮ್ಮ ತಾನೇ, ಏನಾದ್ರೂ ಇದ್ದಿದ್ರೆ ನಂಗೆ ಹೇಳ್ದೆ ಇರ್ತಿದ್ನಾ ಅಂತ ಕುಡಿದೆ.”

ಹಿಂದಿನ ದಿನ ಫೋನ್ ಮಾಡದೆ ನಿಂತುಹೋಗಿದ್ದ ತನ್ನ ಕೈಯನ್ನು ಕಡಿದು ಹಾಕಬೇಕೆನ್ನಿಸಿತು ನೀರಣ್ಣನಿಗೆ. ಎದ್ದು ಹೊರಗೆ ಬಂದ.

ಹೊರಗಿನ ಬೆಂಚಿನ ಮೇಲೆ ಭಾವ ಕೂತಿದ್ದರು. ಅವರಿಗೆ ಏನೂ ಆಗಿರಲಿಲ್ಲ. ಅಕ್ಕ ಕುದಿಸಿ ಕುದಿಸಿ ಕೊಟ್ಟ ಚಹಾ ಬಿಟ್ಟರೆ ಅವರು ಅವತ್ತು ಬೇರೇನೂ ಕುಡಿದಿರಲಿಲ್ಲ. ತಲೆ ಬಗ್ಗಿಸಿಕೊಂಡು ಕೂತವರನ್ನು ದೂರದಿಂದ ನೋಡಿ, ಪಾಪ, ಅಳುತ್ತಿದ್ದಾರೆ ಎಂದುಕೊಂಡ ನೀರಣ್ಣ. ಹತ್ತಿರ ಹೋದರೆ, ಬರೆಯುತ್ತಿದ್ದರು.

“ಭಾವ, ನನ್ನ ಮೆಸೇಜಿಗೆ ಉತ್ತರ ಬರ್ದಿದ್ರಲ್ಲ. ಓದಿರ್ಲಿಲ್ವಾ?”

ಭಾವ ತಲೆಯೆತ್ತಿದರು. ಮುಖ ಬಿಳಿಚಿತ್ತು, ಕಣ್ಣೂ ಕೆಂಪಗಿತ್ತು, ಅದನ್ನು ಇಲ್ಲವೆನ್ನಬಾರದು. ಆ ಗಾಜಿನಂಗಡಿಯವನ ಕಡೆಯವರು ಯಾರೋ ಮಾತು ತಪ್ಪಿಸಲು ಹಾಕಿದ್ದಾರೆಂದುಕೊಂಡೆ, ನಿನ್ನ ಹೆಸರನ್ನೂ ನೋಡಲಿಲ್ಲ ಎಂದು ತೊದಲಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನೀರಣ್ಣ ಅವರ ಪಕ್ಕದಲ್ಲಿ ಕೂತು ಇಬ್ಬರೂ ಒಟ್ಟಿಗೆ ಅತ್ತುಬಿಡುತ್ತಿದ್ದರೇನೋ. ನಿಲ್ಲಿಸಲಿಲ್ಲ. ಉಗುಳು ನುಂಗಿ, ಫೋನನ್ನು ಅವನ ಕಡೆ ತಿರುಗಿಸಿದರು.

“ಆದ್ರೆ ನೋಡು, ನೀನು ಹಾಕಿದ್ದನ್ನ ಎಚ್ಚರಿಕೆ ಅಂತ ಹೇಳೋಕಾಗಲ್ಲ ಕಣಯ್ಯ. ಅದು ಬರೀ ಮಾಹಿತಿ. ಎಚ್ಚರಿಕೆ ಅಂದ್ರೆ ಮೇಲ್ಗಡೆ ಎಚ್ಚರಿಕೆ ಅಂತ ಇರ್ಬೇಕು. ಇದನ್ನ ಅವನೂ ಒಪ್ಕೊಂಡಿದಾನೆ.”

ಅವನು ಎಂದರೆ ಗಾಜಿನಂಗಡಿಯವನು. ಅವನ ತಾಯಿಯೂ ಅದೇ ವಾರ್ಡಿನಲ್ಲಿ ನೆಲದ ಮೇಲೆ ಮಲಗಿದ್ದಳು. ಎಂದೂ ಯಾವುದನ್ನೂ ಒಪ್ಪದ ಇಬ್ಬರೂ ಇದೊಂದನ್ನು ಒಪ್ಪಿ ಕೈತೊಳೆದುಕೊಂಡಿದ್ದರು. ನೀರಣ್ಣನ ಮೆಸೇಜನ್ನು ಹೂತಲ್ಲಿಂದ ಅಗೆದು ತೆಗೆದು ಗ್ರೂಪಿನವರೆಲ್ಲ ಸುತ್ತ ಕೂತಿದ್ದರು. ಚರಂಡಿ ನೀರು ಸೇರಿದೆ ಎಂದಿದ್ದಾನೆ, ಎಷ್ಟು ಸೇರಿದರೆ ಸೇರಿದ ಹಾಗೆ? ಯಾರೂ ಕುಡಿಯಬೇಡಿ ಎಂದಿದ್ದಾನೆ, ಯಾರೂ ಎಂದರೆ ಯಾರು?

ಹೊಡೆಯೋಣವೆಂದರೆ ಭಾವ, ಬೈಯೋಣವೆಂದರೆ ಬೈದ ಮಾತಿನ ಅರ್ಥವನ್ನೂ ಕೇಳುವ ಜನ. ನೀರಣ್ಣ ತನ್ನ ಫೋನ್ ತೆಗೆದು ಅವರೆದುರೇ ಆ ಗ್ರೂಪಿನಿಂದ ಹೊರಬಂದ. ಮತ್ತೆ ಒಳಗೆ ಹೋಗಿ ಅಕ್ಕನ ಕಾಲ ಬಳಿ ಕೂತ.

ಅಕ್ಕ ಬದುಕಿಕೊಂಡಳು. ಎಲ್ಲರೂ ಬದುಕಲಿಲ್ಲ; ಗಾಜಿನಂಗಡಿಯವನ ತಾಯಿ ಎರಡನೆಯ ದಿನವೇ ತೀರಿಕೊಂಡಳು. ಅವಳ ಮಣ್ಣಿಗೆ ಭಾವ ಹೋಗಿ ಬಂದರು. ಹೋಗಿ ಬಂದ ಸಂಜೆ, ಸತ್ತದ್ದು ಕಾಯಿಲೆಯಿಂದ ಎನ್ನಬೇಕೋ ನೀರಿನಿಂದ ಎನ್ನಬೇಕೋ ಎಂದು ಗ್ರೂಪಿನಲ್ಲಿ ಯಾರೋ ಮಾತು ಎತ್ತಿದರು. ಮಗನೇ ಮೊದಲು ಉತ್ತರ ಬರೆದನಂತೆ. ಇದನ್ನು ಬೇರೆಯವರು ಹೇಳಿದಾಗ ನೀರಣ್ಣ ಕಿವಿಯ ಮೇಲೆ ಕೈ ಇಟ್ಟುಕೊಂಡ.

ವಾಷರಿನ ಡಬ್ಬಿಯಿಂದ ಸೀಟಿ ಹೊರಗೆ ಬಂತು. ಇಂಜಿನಿಯರು ಕೇಳಿದ್ದಕ್ಕೆ, ಬೇಕಾದರೆ ಕೆಲಸದಿಂದ ತೆಗೆಯಿರಿ ಸಾಹೇಬರೇ, ಅಲ್ಲಿಯವರೆಗೆ ಊದುತ್ತೇನೆ ಎಂದ.

ಅಕ್ಕ ಮನೆಗೆ ಬಂದ ಮೇಲೆ ಮೊದಲ ಸಲ ನೀರು ಬಿಟ್ಟ ದಿನ, ಅವನು ಉದ್ದಕ್ಕೆ ಸೀಟಿ ಊದುತ್ತ ಅವಳ ಬಾಗಿಲಿಗೆ ಬಂದ. ಅವಳು ಆಗಲೇ ಅಂಗಳದ ನಲ್ಲಿಯ ಹತ್ತಿರ ಮಣೆ ಹಾಕಿಕೊಂಡು ಕೂತಿದ್ದಳು. ಕೊಡ ಎತ್ತುವ ತ್ರಾಣ ಇನ್ನೂ ಬಂದಿರಲಿಲ್ಲ. ಕಿಟಕಿಯಲ್ಲಿ ಭಾವನ ತಲೆ ಕಾಣುತ್ತಿತ್ತು, ಬಗ್ಗಿದ ತಲೆ. ಸೀಟಿ ಊದುವುದು ಸದ್ದೋ ಗದ್ದಲವೋ ಎಂದು ಗ್ರೂಪಿನಲ್ಲಿ ಯಾರೋ ದೂರು ಬರೆದಿದ್ದಾರೆ, ನಿಮ್ಮ ಭಾವ ನಿನ್ನ ಪರವಾಗಿಯೇ ವಾದ ಮಾಡುತ್ತಿದ್ದಾರೆ ಎಂದು ಅಕ್ಕ ಹೇಳಿದಳು. ನಗಲಿಲ್ಲ.

ನೀರಣ್ಣ ನಲ್ಲಿ ತಿರುಗಿಸಿ, ಬೊಗಸೆಯೊಡ್ಡಿ, ಮೊದಲು ತಾನು ಕುಡಿದ. ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ತಲೆಯಾಡಿಸಿದ ಮೇಲೆ ಕೊಡವನ್ನು ನಲ್ಲಿಯ ಕೆಳಗೆ ತಳ್ಳಿದಳು. ನೀರು ದಬದಬ ಬೀಳತೊಡಗಿತು.

“ನೀರೇನಾದ್ರೂ ಬಂತೇನೇ?” ಒಳಗಿನಿಂದ ಭಾವ ಕೇಳಿದರು.

ಕೊಡ ತುಂಬಿ ಉಕ್ಕುತ್ತಿತ್ತು. ಅಕ್ಕ ಕಿಟಕಿಯ ಕಡೆ ಒಮ್ಮೆ ನೋಡಿದಳು.

“ಏನಿಲ್ಲ,” ಎಂದಳು.

ಭಾವ ‘ಹೂಂ’ ಎಂದು ಬರೆಯುವುದನ್ನು ಮುಂದುವರಿಸಿದರು. ನೀರಣ್ಣ ತುಂಬಿದ ಕೊಡವನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಹಿಡಿದ.