ಕ್ವಾರ್ಟರ್ ಬಾಟಲಿಗೆ ತುಂಬಿದ್ದು

ಚಿಂತಾಮಣಿಯಲ್ಲಿರುವ ನಮ್ಮ ಬಾರ್ ಅಂಡ್ ರೆಸ್ಟೋರೆಂಟಿನ ಲೈಸೆನ್ಸ್ ನನ್ನ ಹೆಸರಿನಲ್ಲಿದೆ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಯಾವುದೋ ಆಫೀಸಿಗೆ ಕರೆದುಕೊಂಡು ಹೋಗಿ ಸಹಿ ಹಾಕಿಸಿದ್ದರು. ತೋರಿಸಿದ ಕಡೆಯಲ್ಲೆಲ್ಲ ಹಾಕಿ ಬಂದಿದ್ದೆ. ಆಮೇಲೆ ಹದಿನಾರು ವರ್ಷ ಅದರ ಹೊಸಿಲು ತುಳಿಯಲಿಲ್ಲ. ಜಮೀನಿರುವ ಮನೆತನದ ಸೊಸೆ ಬಾರಿನೊಳಗೆ ಕಾಲಿಟ್ಟರೆ ಜನ ಏನಂದುಕೊಳ್ಳುತ್ತಾರೆ ಎಂದು ಅತ್ತೆ ಕೇಳುತ್ತಿದ್ದರು. ಅದೇ ಬಾರಿನ ಆದಾಯದಲ್ಲಿ ಮಾಡಿಸಿದ ಬಳೆಗಳನ್ನು ಹಾಕಿಕೊಂಡೇ ಕೇಳುತ್ತಿದ್ದರು.

ನಾನು ಒಳಗೆ ಹೋಗಿದ್ದು ಲಾಕ್‌ಡೌನ್ ಬಂದಮೇಲೆ. ಬಾರಿಗೆ ಬೀಗ ಬಿದ್ದಿತ್ತು, ಗಂಡ ಟಿವಿ ಮುಂದೆ ಕೂತು ಊರೂರಿನ ಸಾವಿನ ಲೆಕ್ಕ ಕೇಳುತ್ತಾ ಎಲ್ಲರ ಮೇಲೂ ಹರಿಹಾಯುತ್ತಿದ್ದರು. ನಮ್ಮ ಬೀದಿಯ ತಿಂಡಿ ಹೋಟೆಲಿನವರು ಪೊಲೀಸರಿಗೆ, ಪೌರಕಾರ್ಮಿಕರಿಗೆ ಚಿತ್ರಾನ್ನ ಕಟ್ಟಿ ಕಳಿಸಲು ಶುರುಮಾಡಿದ್ದರು. ಬೇಕರಿಯವರು ಬನ್ನು ಹಂಚುತ್ತಿದ್ದರು. ಟೊಮೇಟೊ ಮಾರುಕಟ್ಟೆಯ ಹತ್ತಿರ ಲಾರಿ ಡ್ರೈವರುಗಳು, ಮೂಟೆ ಹೊರುವವರು ಊರಿಗೆ ಹೋಗಲಾಗದೆ ನೆರಳಿದ್ದ ಕಡೆ ಬಿದ್ದುಕೊಂಡಿದ್ದರು. ನಮ್ಮ ಅಡುಗೆಮನೆಯಲ್ಲಿ ಅಕ್ಕಿ ಇತ್ತು, ಗ್ಯಾಸ್ ಇತ್ತು, ಮದುವೆಮನೆಗಾಗುವಷ್ಟು ದೊಡ್ಡ ಪಾತ್ರೆಗಳಿದ್ದವು. "ನೀವು ಬೀಗದ ಕೈ ಕೊಡಿ ಸಾಕು, ಉಳಿದಿದ್ದು ನಾನ್ ನೋಡ್ಕೋತೀನಿ" ಎಂದು ಗಂಡನಿಗೆ ಹೇಳಿದೆ. ಅವರಿಗೂ ನನ್ನ ಬಾಯಿಂದ ತಪ್ಪಿಸಿಕೊಂಡರೆ ಸಾಕಾಗಿತ್ತು, ಕೊಟ್ಟರು.

ಕೆಲಸದವರಲ್ಲಿ ಉಳಿದಿದ್ದವನು ಅಡುಗೆಯವನೊಬ್ಬನೇ. ನನಗಿಂತ ನಾಲ್ಕೈದು ವರ್ಷ ಚಿಕ್ಕವನು, ಕೆಂಚಾರ್ಲಹಳ್ಳಿಯವನು. ದಿನಾ ಸೈಕಲ್ ತುಳಿದುಕೊಂಡು ಬಂದು, ಸಂಜೆ ಹೊತ್ತು ಮುಳುಗುವ ಮುಂಚೆ ವಾಪಸ್ಸು ಹೋಗುತ್ತಿದ್ದ. ಬಾರುಗಳಲ್ಲಿ ಒಂದು ಪದ್ಧತಿ ಇದೆ, ಅದು ನನಗೆ ಗೊತ್ತಾಗಿದ್ದೂ ಆಗಲೇ. ಕೆಲಸ ಮುಗಿಸಿ ಹೊರಡುವ ಅಡುಗೆಯವನ ಕೈಗೆ ಮಾಲೀಕ ಸಂಬಳದ ಜೊತೆಗೆ ದಿನಕ್ಕೊಂದು ಕ್ವಾರ್ಟರ್ ಇಡಬೇಕು. ಇವನಿಗೂ ಹನ್ನೊಂದು ವರ್ಷದಿಂದ ಇಡುತ್ತಾ ಬಂದಿದ್ದರು. ಅದರಲ್ಲಿ ಅರ್ಧ ಅವನು ಕುಡಿದು, ಉಳಿದರ್ಧವನ್ನು ಮನೆಯಲ್ಲಿದ್ದ ಅಪ್ಪನಿಗೆ ಒಯ್ಯುತ್ತಿದ್ದ.

ಲಾಕ್‌ಡೌನಿನಲ್ಲಿ ಮದ್ಯದ ದಾಸ್ತಾನಿಗೆ ಸರ್ಕಾರದವರು ಬೀಗ ಜಡಿದದ್ದರಿಂದ ಅದು ನಿಂತುಹೋಯಿತು. ಮೊದಲ ವಾರ ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಚಾಕು ಹಿಡಿಯಲು ಆಗುತ್ತಿರಲಿಲ್ಲ. "ಅಕ್ಕ, ಕೈ ನಿಲ್ತಿಲ್ಲ, ಈರುಳ್ಳಿ ನೀವೇ ಹೆಚ್ಕೊಡಿ" ಎನ್ನುತ್ತಿದ್ದ. ನಾನು ಹೆಚ್ಚುತ್ತಿದ್ದೆ. ಅವನು ಒಲೆಯ ಮುಂದೆ ನಿಂತು, ಬೆವರು ಒರೆಸಿಕೊಳ್ಳುತ್ತಾ, ಇಷ್ಟಿಷ್ಟೇ ಹೇಳಿಕೊಟ್ಟು ನನ್ನಿಂದಲೇ ಇನ್ನೂರು ಜನಕ್ಕೆ ಪಲಾವ್ ಮಾಡಿಸಿದ. ಮನೆಯ ಅಡುಗೆಯಲ್ಲಿ ಯಾರೂ ನನಗೆ ಭೇಷ್ ಅಂದಿರಲಿಲ್ಲ. ಲಾರಿಯವರು ಕೈ ಮುಗಿದು ಪೊಟ್ಟಣ ತೆಗೆದುಕೊಳ್ಳುವಾಗ ನನಗೆ ತುಂಬ ಸಂತೋಷವಾಗುತ್ತಿತ್ತು. ಸುತ್ತಲೂ ಜನ ಸಾಯುತ್ತಿದ್ದ ಆ ದಿನಗಳಲ್ಲಿ ನಾನು ಸಂತೋಷವಾಗಿದ್ದೆ.

ನಾಲ್ಕನೇ ವಾರಕ್ಕೆ ಅವನ ಕೈ ನಿಂತಿತು. ಮುಖಕ್ಕೂ ಒಂದು ಕಳೆ ಬಂತು. ಒಂದು ದಿನ ಅವನ ಹೆಂಡತಿ ಒಂದು ಹೊರೆ ನುಗ್ಗೆಕಾಯಿ ಕಟ್ಟಿಕೊಂಡು ಸೈಕಲ್ಲಿನ ಹಿಂದೆ ಕೂತು ಬಂದಳು. ಒಳಗೆ ಬಾ ಎಂದರೆ ಬರದೆ ಬಾಗಿಲಲ್ಲೇ ನಿಂತು, "ಅಕ್ಕ, ಈಗ ಮನೇಲಿ ಮಾತಾಡ್ತಾರೆ ಕಣಕ್ಕ. ಮೊದ್ಲು ಬರೋರು, ಬಿದ್ಕೊಳೋರು. ಈಗ ಕೂತ್ಕೊಂಡು ಅದೂ ಇದೂ ಕೇಳ್ತಾರೆ" ಎಂದಳು. ಹೇಳಿ ನಾಚಿಕೊಂಡಳು. ಅವನ ಕುಡಿತ ಬಿಡಿಸಿದ್ದು ನನ್ನ ಅಡುಗೆಮನೆಯೇ ಎಂದು ನಾನು ಬೀಗಿದೆ. ಬಿಡಿಸಿದ್ದು ಸರ್ಕಾರದ ಬೀಗ ಎಂಬುದು ಹೊಳೆದಿದ್ದರೂ ಹೊಳೆಯದವಳ ಹಾಗಿದ್ದೆ.

ಅಷ್ಟು ಹೊತ್ತಿಗೆ ಗೌರಿಬಿದನೂರು ಕಡೆಯ ಒಂದು ಮದ್ಯದ ಕಾರ್ಖಾನೆಯವರು ಬಾಟಲಿ ತುಂಬುವುದನ್ನು ನಿಲ್ಲಿಸಿ ಸ್ಯಾನಿಟೈಸರ್ ಮಾಡಲು ಶುರುಮಾಡಿದ್ದರು. ಆಗ ಅಂಗಡಿಗಳಲ್ಲಿ ಅದು ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ. ಗಂಡನ ಪರಿಚಯದ ಮೇಲೆ ನಮಗೆ ಎರಡು ದೊಡ್ಡ ನೀಲಿ ಕ್ಯಾನು ಬಂದವು, ಜನರಿಗೆ ಪುಕ್ಕಟೆ ಹಂಚಿ ಎಂದು. ಹಂಚುವುದಕ್ಕೆ ಸಣ್ಣ ಬಾಟಲಿಗಳಿರಲಿಲ್ಲ. ಹಿತ್ತಲಲ್ಲಿ ಗುಜರಿಯವನು ಬರದೆ ಮೂಟೆಗಟ್ಟಲೆ ಖಾಲಿ ಕ್ವಾರ್ಟರ್ ಬಾಟಲಿಗಳು ಬಿದ್ದಿದ್ದವು.

ನಮ್ಮ ಕಡೆಯ ಮನೆಗಳಲ್ಲಿ ಕ್ವಾರ್ಟರ್ ಬಾಟಲಿಯನ್ನು ಯಾರೂ ಎಸೆಯುವುದಿಲ್ಲ. ಕುಡಿಯುವವರೇ ಇಲ್ಲದ ಮನೆಯಲ್ಲೂ ಹರಳೆಣ್ಣೆ ಅದರಲ್ಲೇ, ಜೇನುತುಪ್ಪ ಅದರಲ್ಲೇ, ಫಿನಾಯಿಲೂ ಅದರಲ್ಲೇ. ನಮ್ಮಮ್ಮ ದೇವರ ದೀಪದ ಎಣ್ಣೆಯನ್ನೂ ಅದರಲ್ಲೇ ಇಟ್ಟಿದ್ದರು. ಹಾಗಾಗಿ ನನಗೆ ಎರಡನೇ ಯೋಚನೆಯೇ ಬರಲಿಲ್ಲ. ಸೀಗೆಪುಡಿ ಹಾಕಿ ತಿಕ್ಕಿ, ಬಿಸಿನೀರಲ್ಲಿ ಅದ್ದಿ, ಒಣಗಿಸಿ, ಕೊಳವೆ ಇಟ್ಟು ತುಂಬಿದೆ. ನೋಟ್‌ಬುಕ್ಕಿನ ಹಾಳೆ ಕತ್ತರಿಸಿ 'ಕೈಗೆ ಹಚ್ಚಲು ಮಾತ್ರ' ಎಂದು ಬರೆದು ಅಂಟಿಸಿದೆ. ಒಳಗಿದ್ದದ್ದು ತಿಳಿನೀರಿನ ಬಣ್ಣ, ವಾಸನೆ ಮಾತ್ರ ಬಾರಿನದೇ.

ಅಡುಗೆಯವನು ಸಾಲಾಗಿ ಇಟ್ಟಿದ್ದ ಬಾಟಲಿಗಳನ್ನು ಸ್ವಲ್ಪ ಹೊತ್ತು ನೋಡಿದ. "ಅಕ್ಕ, ಬಾಟ್ಲು ಬೇರೆ ಆಗಿದ್ರೆ ಚೆನ್ನಾಗಿತ್ತು" ಎಂದ.

"ಯಾಕಪ್ಪ, ನೋಡಿದ್ರೆ ಬಾಯಲ್ಲಿ ನೀರು ಬರುತ್ತಾ?" ಎಂದು ನಾನು ರೇಗಿಸಿದೆ.

ಅವನು ಅನ್ನ ಬಸಿಯಲು ಹೋದ. ಆ ಮಾತನ್ನು ಆಡಬಾರದಿತ್ತು. ಇಷ್ಟು ವರ್ಷಕ್ಕೂ ನೆನಪಾದಾಗ ಒಬ್ಬಳೇ ಇದ್ದರೂ ಮುಖ ಬಿಸಿಯಾಗುತ್ತದೆ.

ಪೇಟೆಯಲ್ಲಿ ಹಂಚಿದ ಬಾಟಲಿಗಳಿಂದ ಏನೂ ಆಗಲಿಲ್ಲ. ಅವನ ಊರಿನವರೂ ಕೇಳುತ್ತಿದ್ದಾರೆಂದು ಗೊತ್ತಾಗಿ, ಒಂದು ಮಧ್ಯಾಹ್ನ ನಾನೇ ಹನ್ನೆರಡು ಬಾಟಲಿ ಚೀಲಕ್ಕೆ ಹಾಕಿ, ನಿಮ್ಮ ಬೀದಿಯಲ್ಲಿ ಹಂಚು ಎಂದು ಸೈಕಲ್ಲಿಗೆ ತಗುಲಿಸಿ ಕಳಿಸಿದೆ. ಆ ದಿನಗಳಲ್ಲಿ ಪೇಟೆಯಿಂದ ಹೋದವರು ಸ್ನಾನ ಮಾಡದೆ ಮನೆಯೊಳಗೆ ಹೋಗುತ್ತಿರಲಿಲ್ಲ. ಅವನು ಚೀಲವನ್ನು ಜಗುಲಿಯ ಮೇಲಿಟ್ಟು ಹಿತ್ತಲಿನ ಬಚ್ಚಲಿಗೆ ಹೋದ. ಅವನ ಅಪ್ಪ ಜಗುಲಿಯ ಮೇಲೆ ಕೂತಿದ್ದರು. ಅವರಿಗೆ ಓದು ಬರಹ ಇರಲಿಲ್ಲ. ನಲವತ್ತು ದಿನದ ಮೇಲೆ ಮಗ ಕೊನೆಗೂ ತಂದ ಎಂದುಕೊಂಡರು. ನೀರು ಬೆರೆಸಿಕೊಂಡು ಕುಡಿದು, ಖಾಲಿ ಬಾಟಲಿಯನ್ನು ಎಂದಿನಂತೆ ಜೋಪಾನವಾಗಿ ಗೋಡೆಯ ಪಕ್ಕ ಇಟ್ಟರು. ಬೆಳಗ್ಗೆ ಎದ್ದವರು ಇನ್ನೂ ಬೆಳಕಾಗಿಲ್ಲವೇ ಎಂದು ಸೊಸೆಯನ್ನು ಕೇಳಿದರಂತೆ; ಸ್ಪಿರಿಟಿನ ವಿಷಕ್ಕೆ ಕಣ್ಣು ಹೋಗಿತ್ತು. ಆಸ್ಪತ್ರೆಯಲ್ಲಿ ಮೂರನೆಯ ದಿನ ತೀರಿಕೊಂಡರು.

ವಿಚಾರಿಸಲು ಒಬ್ಬರು ಪೊಲೀಸಿನವರು ಬಾರಿಗೆ ಬಂದರು. ನಾನು ಪಲಾವಿನ ಪಾತ್ರೆಯ ಹತ್ತಿರ ನಿಂತಿದ್ದೆ. ನನಗಿಂತ ಮುಂಚೆ ಗಂಡ ಮಾತು ತೆಗೆದರು. "ಪೇಟೇಲಿ ಹಂಚಿದ್ದು ಬಿಟ್ರೆ ನಮ್ಮಿಂದ ಏನೂ ಹೊರಗೋಗಿಲ್ಲ ಸಾರ್. ಕುಡುಕ ನನ್ಮಗ, ಎಣ್ಣೆ ಅಂದ್ಕೊಂಡು ಕದ್ದು ಎತ್ಕೊಂಡು ಹೋಗವ್ನೆ."

ಬಂದವರು ನನ್ನ ಕಡೆ ತಿರುಗಿದರು. "ಲೈಸೆನ್ಸು ನಿಮ್ಮ ಹೆಸ್ರಲ್ಲೈತೆ. ನೀವೇನಂತೀರಮ್ಮ?"

ಗಂಡ ನನ್ನನ್ನೇ ನೋಡುತ್ತಿದ್ದರು. ಸಂತೆಯಲ್ಲಿ ಒಂದು ಕಟ್ಟು ಕೊತ್ತಂಬರಿಗೆ ಅರ್ಧ ಗಂಟೆ ಜಗಳವಾಡುವವಳು ನಾನು. ಆ ಹೊತ್ತಿನಲ್ಲಿ ನನ್ನ ಬಾಯಿಂದ ಬಂದದ್ದು ಇಷ್ಟೇ: "ಉಗ್ರಾಣದ ಬೀಗದ ಕೈ ಅವನ ಹತ್ರಾನೇ ಇರ್ತಿತ್ತು."

ಅದು ಸುಳ್ಳಲ್ಲ. ಬಾಟಲಿಗಳಿದ್ದ ಉಗ್ರಾಣದ ಬೀಗದ ಕೈ ಅವನ ಹತ್ತಿರವೇ ಇತ್ತು. ನಂಬಿಕೆಯಿಂದ ನಾನೇ ಕೊಟ್ಟಿದ್ದೆ.

ಕೇಸು ಮುಂದೆ ಹೋಗಲಿಲ್ಲ. ಆ ದಿನಗಳಲ್ಲಿ ಒಬ್ಬ ಮುದುಕನ ಸಾವಿನ ಬಗ್ಗೆ ತಲೆ ಕೆಡಿಸಿಕೊಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲ. ಮಾತು ಮಾತ್ರ ಕೆಂಚಾರ್ಲಹಳ್ಳಿಗೆ ಹೋಯಿತು. ಅವನು ಕುಡಿತ ಬಿಟ್ಟದ್ದೆಲ್ಲ ನಾಟಕ, ಬಾರಿನಿಂದ ಕದ್ದು ತಂದು ಹೆತ್ತಪ್ಪನನ್ನೇ ಕೊಂದ ಎಂದು ಊರೆಲ್ಲ ಆಡಿಕೊಂಡಿತು. ಆಮೇಲೆ ಅವನು ಕೆಲಸಕ್ಕೆ ಬರಲಿಲ್ಲ. ಲಾಕ್‌ಡೌನ್ ಮುಗಿದ ಮೇಲೆ ಯಾವುದೋ ಸಂಘದವರು ನನಗೆ ಶಾಲು ಹೊದಿಸಿದರು, ಅನ್ನಪೂರ್ಣೆ ಎಂದರು. ಆ ಫೋಟೋವನ್ನು ಗಂಡ ಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದ್ದಾರೆ. ನಾನು ಮತ್ತೆ ಬಾರಿನೊಳಗೆ ಹೋಗಿಲ್ಲ. ಈಗ ಅತ್ತೆಯ ಮಾತು ಮೀರಲು ನನಗೂ ಮನಸ್ಸಿಲ್ಲ.

ಹೋದ ವರ್ಷ ತಡೆಯಲಾಗದೆ ಕೆಂಚಾರ್ಲಹಳ್ಳಿಗೆ ಹೋದೆ. ಶಿಡ್ಲಘಟ್ಟದಲ್ಲಿ ನಾಮಕರಣ ಇದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಬಾಡಿಗೆ ಕಾರು ಮಾಡಿಕೊಂಡಿದ್ದೆ. ಅವನೀಗ ರೇಷ್ಮೆ ಹುಳ ಸಾಕುತ್ತಾನೆ. ಹುಳದ ಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲವಾದ್ದರಿಂದ, ಸುಣ್ಣ ಚೆಲ್ಲಿದ ಬಾಗಿಲ ಈಚೆ ನಾನು, ಆಚೆ ಅವನು, ಹಾಗೇ ನಿಂತು ಮಾತಾಡಿದೆವು. ಅವನ ಕೂದಲು ಅರ್ಧ ಬೆಳ್ಳಗಾಗಿತ್ತು. ನಾನು ಅಳುತ್ತಾ ತಪ್ಪಾಯ್ತು ಎಂದೆ. ಅವನು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

"ಆವತ್ತಿಂದ ಒಂದ್ ತೊಟ್ಟು ಮುಟ್ಟಿಲ್ಲಕ್ಕ, ಆದ್ರೆ ನಂಬೋರ್ಯಾರು" ಎಂದ. "ಊರೋರು ಏನಾದ್ರೂ ಅಂದ್ಕೊಳ್ಳಿ. ಇವ್ಳು ನನ್ ಜೊತೆ ಸರಿಯಾಗಿ ಮಾತಾಡಿ ಎಷ್ಟೋ ವರ್ಷ ಆಯ್ತು. ಊಟ ಇಡ್ತಾಳೆ, ಎದ್ದೋಗ್ತಾಳೆ. ನಾನು ಹೇಳಿದ್ರೆ ಕುಡುಕ್ರ ಮಾತು ಅಂತಾಳೆ. ನೀವೇ ತುಂಬಿ ಕೊಟ್ಟಿದ್ದು ಅಂತ ಅವ್ಳಿಗೊಂದ್ ಮಾತು ಹೇಳ್ಬಿಡಿ. ಇನ್ನೇನೂ ಬೇಡ. ಸೊಪ್ಪಿಗೆ ಹೋಗವ್ಳೆ, ಅರ್ಧ ಗಂಟೇಲಿ ಬಂದ್ಬಿಡ್ತಾಳೆ."

ಹೇಳ್ತೀನಿ ಎಂದೆ. ಜಗುಲಿಯ ಮೇಲೆ ಕೂತೆ. ಹೇಗೆ ಶುರುಮಾಡಬೇಕೆಂದು ಮನಸ್ಸಿನಲ್ಲೇ ನಾಲ್ಕು ಸಲ ಜೋಡಿಸಿಕೊಂಡೆ. ಆಮೇಲೆ ಲೈಸೆನ್ಸ್ ನೆನಪಾಯಿತು, ಗಂಡನ ಮುಖ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ, ನುಗ್ಗೆಕಾಯಿ ತಂದಿದ್ದ ಆ ಹೆಣ್ಣುಮಗಳು ನನ್ನನ್ನು ಹೇಗೆ ನೋಡುತ್ತಾಳೋ ಎಂದು ಹೆದರಿಕೆಯಾಯಿತು. ಫೋನನ್ನು ಕಿವಿಗಿಟ್ಟುಕೊಂಡು ಎದ್ದೆ. "ಮನೆಯಿಂದ ಕರೀತಾವ್ರೆ, ಅರ್ಜೆಂಟಂತೆ. ಇನ್ನೊಂದ್ಸಲ ಬರ್ತೀನಿ ಕಣಪ್ಪ" ಎಂದೆ. ಫೋನ್ ಬಂದಿರಲಿಲ್ಲ. ಅದು ಅವನಿಗೂ ಗೊತ್ತಾಯಿತು. "ಆಯ್ತಕ್ಕ" ಎಂದು ಹುಳದ ಮನೆಯೊಳಗೆ ಹೋದ.

ಊರು ದಾಟಿದ ಮೇಲೆ ಇಕ್ಕಟ್ಟಾದ ದಾರಿಯಲ್ಲಿ ಅವಳೇ ಎದುರಾದಳು, ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ. ಕಾರಿಗೆ ಜಾಗ ಬಿಡಲು ಬದಿಗೆ ಸರಿದವಳು ನನ್ನನ್ನು ಗುರುತಿಸಿದಳು. ಡ್ರೈವರ್ ತಾನಾಗಿಯೇ ನಿಲ್ಲಿಸಿದ. ಅವಳು ಒಂದು ಕೈಯಲ್ಲಿ ಹೊರೆ ಹಿಡಿದುಕೊಂಡು ಕಿಟಕಿಯ ಹತ್ತಿರ ಬಗ್ಗಿದಳು.

"ಅಕ್ಕ, ಯಾವ ಮುಖ ಇಟ್ಕೊಂಡು ನಿಮ್ಮನ್ನ ಮಾತಾಡ್ಸೋದು ಅಂತ ನಾನು ಆ ಕಡೆಗೇ ಬರ್ಲಿಲ್ಲ. ನಂಬಿ ಬೀಗದ ಕೈ ಕೊಟ್ಟೋರ ಮನೇಲೇ ಹಿಂಗ್ ಮಾಡ್ಬಿಟ್ರು ನಮ್ಮೋರು. ನೀವು ಮನಸ್ನಲ್ಲಿ ಇಟ್ಕೋಬೇಡಿ" ಎಂದಳು.

ಅವಳ ಕಣ್ಣು ತುಂಬಿತ್ತು. ಕಾರು ನಿಂತೇ ಇತ್ತು, ಅವಸರ ಮಾಡುವವರು ಯಾರೂ ಇರಲಿಲ್ಲ.

"ಇರ್ಲಿ ಬಿಡಮ್ಮ" ಎಂದೆ.