ಹುಲ್ಲು ಕೊಯ್ಯಬಾರದೆಂದು ಬರೆದವನು

ಹೊನ್ನಾವರದಿಂದ ಕುಮಟೆಗೆ ಹೋಗುವಾಗ ಹೆದ್ದಾರಿ ಬಿಟ್ಟು ಪಡುವಣಕ್ಕೆ ಇಳಿದರೆ ನಮ್ಮೂರು. ಊರು ಮುಗಿದಲ್ಲಿ ಒಂದು ಗುಡ್ಡ ಕಡಲೊಳಗೆ ಚಾಚಿಕೊಂಡಿದೆ. ಮೂರು ಕಡೆ ನೀರು, ನೆತ್ತಿಯ ಮೇಲೆ ಕೆಂಪು ಚಿರೆಕಲ್ಲಿನ ಹಾಸು. ಆ ಗುಡ್ಡವನ್ನು ನನ್ನಷ್ಟು ಚೆನ್ನಾಗಿ ಬಲ್ಲವರಿಲ್ಲ ಎಂದು ಒಮ್ಮೆ ವೇದಿಕೆಯ ಮೇಲೆ ನನಗೆ ಶಾಲು ಹೊದೆಸಿದರು. ನಾನು ಬೇಡವೆನ್ನಲಿಲ್ಲ.

ನಿಜಕ್ಕೂ ಗುಡ್ಡವನ್ನು ಬಲ್ಲವಳು ನನ್ನ ಸೋದರತ್ತೆ. ಗಂಡ ತೀರಿಕೊಂಡ ಮೇಲೆ ಎರಡು ದನ ಕಟ್ಟಿಕೊಂಡು ನಮ್ಮ ಪಕ್ಕದ ಮನೆಯಲ್ಲೇ ಬದುಕಿದವಳು. ಮಳೆಗಾಲ ಮುಗಿದು ಗುಡ್ಡದ ಕರಡ ಹುಲ್ಲು ಒಣಗಿತೆಂದರೆ ಕತ್ತಿ ಹಿಡಿದು ಹತ್ತುತ್ತಿದ್ದಳು. ದನಗಳಿಗೆ ವರ್ಷಕ್ಕಾಗುವಷ್ಟು ಹುಲ್ಲನ್ನು ಹೊರೆ ಕಟ್ಟಿ ತಲೆಯ ಮೇಲೇ ಇಳಿಸುತ್ತಿದ್ದಳು.

ನಾನು ಹೈಸ್ಕೂಲಿನ ಕನ್ನಡ ಮಾಸ್ತರ. ಕೆಲವು ವರ್ಷಗಳ ಹಿಂದೆ ಗುಡ್ಡವನ್ನು ಪ್ರವಾಸಿ ತಾಣ ಮಾಡಲು ಹೊರಟವರು, ಅಲ್ಲಿ ನಿಲ್ಲಿಸುವ ಫಲಕಗಳಿಗೆ ನಾಲ್ಕು ಮಾತು ಬರೆದುಕೊಡಿ ಎಂದರು. ಎರಡು ಭಾನುವಾರ ಅತ್ತೆಯ ಹಿಂದೆ ನೋಟುಬುಕ್ಕು ಹಿಡಿದು ತಿರುಗಿದೆ. ಅವಳಿಗೆ ಖುಷಿಯೋ ಖುಷಿ. ಮೊದಲ ಮಳೆಗೆ ಕಲ್ಲಿನ ಸಂದಿಯಲ್ಲಿ ನೀಲಿ ಹೂ ಏಳುವ ಜಾಗ, ಕಡಲ ಹದ್ದು ಗೂಡು ಕಟ್ಟುವ ಮರ, ಮೀನಿಗೆ ಹೋದವರು ದೂರದಿಂದ ಗುರುತು ಹಿಡಿಯುವ ಬಿಳಿ ಬಂಡೆ, ಹೊಸ ಬಲೆ ಇಳಿಸುವ ಮೊದಲು ಕಾಯಿ ಒಡೆಯುವ ಜಟ್ಟಿಗ ದೇವರ ಕಲ್ಲು, ಎಲ್ಲವನ್ನೂ ತೋರಿಸಿದಳು. ಕೊನೆಗೆ ಪೊದೆ ಸರಿಸಿ, ಅಲೆ ಬಡಿಯುವಲ್ಲಿಂದ ಎರಡಾಳು ಮೇಲಿದ್ದ ಸಿಹಿನೀರಿನ ಒರತೆ ತೋರಿಸಿದಳು. ಹಿಂದೆ ಮಾವಿನಕುರ್ವೆಯ ದೋಣಿಯವರೂ ಇಲ್ಲಿ ಕೊಡ ತುಂಬಿಕೊಳ್ಳುತ್ತಿದ್ದರಂತೆ.

"ಇದು ವೈಶಾಖದಲ್ಲೂ ಬತ್ತೂದಿಲ್ಲ. ಬರ್ಕೊ," ಎಂದಳು.

ಬರೆದುಕೊಂಡೆ. ಎಷ್ಟು ಚೆನ್ನಾಗಿ ಬರೆದೆನೆಂದರೆ, ಮುಂದಿನ ಬೇಸಿಗೆಯೊಳಗೆ ಒರತೆಗೆ ಪಂಪು ಕೂತಿತು. ನೀರು ಕೆಳಗಿನ ಹೊಸ ಕಾಟೇಜುಗಳ ಬಚ್ಚಲಿಗೆ ಹೋಯಿತು. ಫೋಟೋ ತೆಗೆಯುವ ಕಟ್ಟೆಗೆ ಅಡ್ಡ ಬಂತೆಂದು ಜಟ್ಟಿಗನ ಕಲ್ಲನ್ನು ಕಿತ್ತು ಗೇಟಿನ ಪಕ್ಕ ಟೈಲ್ಸ್ ಹಾಕಿ ಕೂರಿಸಿದರು.

ಆ ವರ್ಷ ಕರಡ ಕೊಯ್ಯಲು ಹೋದ ಅತ್ತೆ ಬರಿಗೈಲಿ ನೇರ ನಮ್ಮ ಶಾಲೆಗೇ ಬಂದಳು. ಹತ್ತನೇ ತರಗತಿಯ ಬಾಗಿಲಲ್ಲಿ ನಿಂತಿದ್ದಳು. ಕತ್ತಿ ಸೊಂಟದಲ್ಲೇ ಇತ್ತು. ನಾನು ಹೊರಗೆ ಬಂದೆ.

"ಗೇಟಿನವ ಒಳಗೆ ಬಿಡ್ಲಿಲ್ಲ," ಎಂದಳು. "ಬೋರ್ಡ್ ನೋಡ್ರೀ ಅಮ್ಮಾ ಅಂದ. ನಂಗೆ ಓದೂಕೆ ಬತ್ತಿಲ್ಲ, ನೀನೇ ಓದು ಅಂದೆ. ಹುಲ್ಲು, ಹೂ ಕೊಯ್ಯಬಾರದು ಅಂತ ಓದ್ದ. ಅದು ನೀ ಬರ್ದದ್ದಂತೆ, ಹೌದಾ?"

ಹೌದು. ಕೊನೆಯ ಫಲಕದ ಕೊನೆಯ ಸಾಲು. ಫಲಕ ಬರೆಸಿದವರು ಕೇಳಿರಲಿಲ್ಲ, ನಾನೇ ಸೇರಿಸಿದ್ದೆ.

"ಅದು ಪ್ಯಾಟೆಯಿಂದ ಬರೋರಿಗೆ ಬರೆದದ್ದು, ಅತ್ತೆ."

"ಹಂಗಂತ ಬರ್ದಿದ್ಯಾ ಅದ್ರಲ್ಲಿ?"

ನನ್ನ ಬೆನ್ನ ಹಿಂದೆ ಮಕ್ಕಳು ಕಿಟಕಿಗೆ ಬಂದು ನಿಂತಿದ್ದರು.

ಸಂಜೆ ಗುಡ್ಡ ನೋಡಿಕೊಳ್ಳುವವರ ಬಳಿ ಹೋದೆ. ಊರವರಿಗೆ ಹುಲ್ಲು ಕೊಯ್ಯಲು ಬಿಡಿ, ಆ ಸಾಲು ಅಳಿಸಿ ಎಂದೆ. ಅಲ್ಲಿದ್ದವನು ಕುರ್ಚಿ ಕೊಟ್ಟು ಚಹ ತರಿಸಿ, "ಸರ್, ನಿಮ್ಮ ಬರಹ ಓದಿದವರೆಲ್ಲ ಹೊಗಳ್ತಾರೆ. ಅದನ್ನ ಅಳಿಸೋದು ಹೇಗೆ?" ಎಂದು ನಕ್ಕ. ಅರ್ಜಿ ಬರೆದುಕೊಟ್ಟೆ. ಮತ್ತೊಂದು ಕೊಟ್ಟೆ. ನಾಲ್ಕು ಸಲ ಅಲೆದೆ. ಅಷ್ಟರಲ್ಲಿ ಕರಡ ಗುಡ್ಡದ ಮೇಲೇ ಒಣಗಿ ಗಾಳಿಗೆ ಮಲಗಿತು. ಯಾರೋ ಎಸೆದ ಸಿಗರೇಟಿಗೆ ಅರ್ಧ ಗುಡ್ಡ ಸುಟ್ಟುಹೋಯಿತು.

ಹುಲ್ಲು ನಾನು ತರಿಸಿಕೊಡುತ್ತೇನೆಂದೆ. ಅತ್ತೆ ಕೇಳಲಿಲ್ಲ. ಎರಡೂ ದನಗಳನ್ನು ಬೆಳಕೆ ಊರಿನ ನೆಂಟರ ಮನೆಗೆ ಹೊಡೆಸಿಬಿಟ್ಟಳು. ಅವು ಹೋಗುವಾಗ ಕೊಟ್ಟಿಗೆ ಗುಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

ಕಳೆದ ಮಳೆಗಾಲದಲ್ಲಿ ಯಾವುದೋ ಪತ್ರಿಕೆಯ ಸಂಚಿಕೆಗೆ ಗುಡ್ಡದ ಬಗ್ಗೆ ಲೇಖನ ಕೇಳಿದರು. ನಾಚಿಕೆಗೆಟ್ಟು ಒಪ್ಪಿಕೊಂಡೆ. ಆ ನೀಲಿ ಹೂವಿಗೆ ನಮ್ಮವರು ಏನೆನ್ನುತ್ತಾರೆಂದು ಅತ್ತೆಯನ್ನು ಕೇಳಿದೆ. ಅವಳು ಜಗಲಿಯಲ್ಲಿ ಕೂತು ಮೀನು ಹೆಚ್ಚುತ್ತಿದ್ದಳು.

"ಮರ್ತ್ ಹೋತು," ಎಂದಳು. ಕತ್ತಿಯಿಂದ ಕಣ್ಣು ತೆಗೆಯಲಿಲ್ಲ.

ಮರೆತಿರಲಿಲ್ಲ. ಲೇಖನದಲ್ಲಿ ನಾನು 'ಒಂದು ಬಗೆಯ ನೀಲಿ ಹೂವು' ಎಂದು ಬರೆದು ಕಳಿಸಿದೆ.